ನಲ್ಲಪ್ಪನ ಬಾವಿಯ ಐದನೇ ಸ್ಟೇಜು

ಆ ವಿಡಿಯೋ ಗೇಮು ಬಂದದ್ದು ಚಿಂತಾಮಣಿಯಿಂದ. ಅಲ್ಲಿ ನೌಕರಿಯಲ್ಲಿದ್ದ ಸೋದರಮಾವ ಚಲಪತಿ ತನ್ನ ಮಕ್ಕಳಿಗೆ ಕಂಪ್ಯೂಟರ್ ಕೊಡಿಸಿದ ಮೇಲೆ, ಮೂಲೆಗೆ ಬಿದ್ದಿದ್ದ ಹಳೇ ಡಬ್ಬವನ್ನು ಪ್ಲಾಸ್ಟಿಕ್ ಕವರಿಗೆ ತುಂಬಿ ತಂಗಿಯ ಮಕ್ಕಳಿಗೆಂದು ಕಳಿಸಿಕೊಟ್ಟಿದ್ದ. ಎರಡು ರಿಮೋಟುಗಳಲ್ಲಿ ಒಂದರ ವೈರನ್ನು ಇಲಿ ಕಡಿದು ಹಾಕಿತ್ತು. ಇದ್ದ ಒಂದೇ ಕ್ಯಾಸೆಟ್ಟನ್ನು ಬಾಯಿಂದ ಜೋರಾಗಿ ಊದಿ ಸಿಕ್ಕಿಸಿದರೆ ಮಾತ್ರ ಟಿವಿಯಲ್ಲಿ ಚಿತ್ರ ಮೂಡುತ್ತಿತ್ತು.

ಅದು ಎರಡು ಸಾವಿರದ ನಾಲ್ಕರ ಬೇಸಿಗೆ ರಜೆ. ದಿಬ್ಬೂರಹಳ್ಳಿಗೆ ಹತ್ತಿರದ ಊರಿನಲ್ಲಿ ಗಂಗುಲಪ್ಪನ ಮಕ್ಕಳಾದ ಮಧುಕುಮಾರ್ ಮತ್ತು ಆಶಾರಾಣಿ ಬೆಳಗಾದರೆ ಟಿವಿ ಮುಂದೆ ಕೂರುತ್ತಿದ್ದರು. ಮಧು ಒಂಬತ್ತನೇ ಕ್ಲಾಸು ಮುಗಿಸಿದ್ದ, ಆಶಾ ಆರನೆಯದು. ಆಟದಲ್ಲಿ ಹಸಿರು ಅಂಗಿಯ ಪುಟ್ಟ ಮನುಷ್ಯನೊಬ್ಬ ಗೋಡೆ ಹಾರಿ, ಕಟ್ಟೆ ದಾಟಿ, ಗೋಪುರ ಹತ್ತಿ, ಐದನೇ ಸ್ಟೇಜಿನಲ್ಲಿ ಬಾವಿಗೆ ಇಳಿದು ಮೇಲೆ ಬರಬೇಕು. ಮಧುವಿನ ಮನುಷ್ಯ ಪ್ರತಿಸಲವೂ ಬಾವಿಯಲ್ಲಿ ಸಾಯುತ್ತಿದ್ದ. ಆಶಾಳ ಮನುಷ್ಯ ಇಳಿದು, ಹತ್ತಿ, ಹೊರಗೆ ಬಂದು ಕುಣಿಯುತ್ತಿದ್ದ. ತಂಗಿಯ ಎದುರು ಸೋಲುವುದು ಮಧುವಿಗೆ ಊಟ ಸೇರದಷ್ಟು ಬೇಜಾರಿನ ಸಂಗತಿಯಾಗಿತ್ತು.

ಒಂದು ದಿನ ಆಶಾ ಐದನೇ ಸ್ಟೇಜಿನಲ್ಲಿದ್ದಾಗಲೇ ಕರೆಂಟು ಹೋಯಿತು. ಮಧು ಎದ್ದು ನಿಂತ.

"ಕೂತ್ಕೊಂಡು ಬಟನ್ ಒತ್ತೋದು ಯಾರಾದ್ರೂ ಮಾಡ್ತಾರೆ ಕಣೇ. ನಿಜವಾಗ್ಲೂ ಮಾಡು ನೋಡಣ."

"ಏನು ಮಾಡ್ಬೇಕು?"

"ಮೊದಲ್ನೇ ಸ್ಟೇಜು, ಸ್ಕೂಲ್ ಕಾಂಪೌಂಡ್ ಹಾರ್ಬೇಕು. ಇಬ್ರೂ. ಯಾರ್ನೂ ಸಹಾಯಕ್ಕೆ ಕರೀಬಾರ್ದು. ಕರೆದೋರು ಸೋತಂಗೆ."

ಹಾಗೆ ಆಟ ಮನೆಯಿಂದ ಹೊರಗೆ ಬಂತು. ಕಾಂಪೌಂಡು ಹಾರಿದರು. ಮರುದಿನ ಬತ್ತಿದ ಕೆರೆಯ ಕೋಡಿಯ ಕಿರುಗೋಡೆಯ ಮೇಲೆ ಈ ತುದಿಯಿಂದ ಆ ತುದಿಗೆ ನಡೆದರು. ಆಮೇಲೆ ಪೆರೇಸಂದ್ರದ ಕಡೆ ಹೋಗುವ ಲಾರಿಗೆ ಹಿಂದಿನಿಂದ ಜೋತುಬಿದ್ದು ತಿರುವಿನಲ್ಲಿ ಇಳಿದುಕೊಂಡರು. ಆಶಾಳ ಮೊಣಕೈ ತರಚಿಹೋಯಿತು. ನಾಲ್ಕನೆಯದಾಗಿ ಊರಿನ ನೀರಿನ ಟ್ಯಾಂಕಿನ ಕಬ್ಬಿಣದ ಏಣಿ ಹತ್ತಿದರು. ಆಶಾ ಸರಸರನೆ ಹತ್ತಿ ಇಳಿದಳು. ಮಧು ಹತ್ತಿದನಾದರೂ ಇಳಿಯುವಾಗ ಏಣಿಯನ್ನು ತಬ್ಬಿಕೊಂಡು ಒಂದೊಂದೇ ಮೆಟ್ಟಿಲನ್ನು ಕಾಲಲ್ಲಿ ತಡಕಿದ. ಕೆಳಗೆ ನಿಂತಿದ್ದ ಆಶಾ ಅದನ್ನು ನೋಡಿದಳು. ನೋಡಿದಳೆಂಬುದು ಮಧುವಿಗೂ ತಿಳಿಯಿತು.

ಮಾರನೆಯ ದಿನ ಗಂಗುಲಪ್ಪ ಮತ್ತವನ ಹೆಂಡತಿ ಮುನಿಲಕ್ಷ್ಮಿ ನಸುಕಿನಲ್ಲೇ ರೇಷ್ಮೆ ಗೂಡಿನ ಚೀಲಗಳನ್ನು ಆಟೋಗೆ ಹಾಕಿಕೊಂಡು ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹೊರಟರು. ಅವರು ಹೋದ ಸ್ವಲ್ಪ ಹೊತ್ತಿಗೆ ಮಧು ತಂಗಿಯನ್ನು ನಲ್ಲಪ್ಪನ ತೋಟದ ಬಾವಿಗೆ ಕರೆದೊಯ್ದ.

ನಲ್ಲಪ್ಪ ಬೋರ್‌ವೆಲ್ ಹಾಕಿಸಿದ ಮೇಲೆ ಆ ತೆರೆದ ಬಾವಿಯ ಕಡೆ ಯಾರೂ ಹೋಗುತ್ತಿರಲಿಲ್ಲ. ಸುತ್ತಲೂ ಲಾಂಟಾನ ಬೆಳೆದಿತ್ತು. ಒಳಗೋಡೆಯಿಂದ ಉದ್ದನೆಯ ಕಲ್ಲುಗಳು ಹೊರಕ್ಕೆ ಚಾಚಿಕೊಂಡು, ಒಂದರ ಕೆಳಗೊಂದು ಓರೆಯಾಗಿ ಇಳಿಯುತ್ತಿದ್ದವು. ಅವೇ ಮೆಟ್ಟಿಲು. ಹಿಡಿದುಕೊಳ್ಳಲು ಏನೂ ಇರಲಿಲ್ಲ. ಅರ್ಧ ಆಳದಲ್ಲಿ, ಹಿಂದೆ ಪಂಪ್‌ಸೆಟ್ ಕೂರಿಸಿದ್ದ ಒಂದು ಕಟ್ಟೆ. ಅದರ ಕೆಳಗೆ ಕತ್ತಲು, ತಳದಲ್ಲಿ ಬಂಡೆ.

"ಪಂಪಿನ ಕಟ್ಟೆ ಮುಟ್ಟಿ ಬರ್ಬೇಕು. ಇದೇ ಐದನೇ ಸ್ಟೇಜು" ಎಂದ ಮಧು. "ಇಳಿ."

ಆಶಾ ಬಗ್ಗಿ ನೋಡಿದಳು. ದಡದಿಂದ ಒಂದು ಹೆಜ್ಜೆ ಹಿಂದೆ ಸರಿದಳು. ಆದರೆ ಆಗಲ್ಲ ಎನ್ನಲು ಬಾಯಿ ಬರಲಿಲ್ಲ. ಬದಲಿಗೆ, "ದಿನಾ ನಾನೇ ಫಸ್ಟು. ಇವತ್ತು ನೀನು ಇಳಿ ಅಣ್ಣ. ಇಲ್ಲಾಂದ್ರೆ ನಿನ್ ಕೈಲಿ ಆಗಲ್ಲ ಅಂತ ಒಪ್ಕೋ" ಎಂದಳು.

ಮಧು ಚಪ್ಪಲಿ ಬಿಟ್ಟ. ಗೋಡೆಗೆ ಎದೆ ಒತ್ತಿಕೊಂಡು ಮೊದಲ ಕಲ್ಲಿಗೆ ಕಾಲಿಟ್ಟ. ಆಮೇಲೆ ಇನ್ನೊಂದಕ್ಕೆ. ಅವನ ತಲೆ ನೆಲಮಟ್ಟಕ್ಕಿಂತ ಕೆಳಗಿಳಿಯುವುದನ್ನು ನೋಡುತ್ತ ಆಶಾ ದಡದಲ್ಲಿ ಕುಕ್ಕರಗಾಲಲ್ಲಿ ಕುಳಿತಳು. ಪಂಪಿನ ಕಟ್ಟೆ ಇನ್ನೇನು ಹತ್ತಿರ ಬಂತು ಎನ್ನುವಾಗ, ಅವನು ಆಗಷ್ಟೇ ಕಾಲು ತೆಗೆದ ಕಲ್ಲು ಗೋಡೆಯಿಂದ ಕಿತ್ತುಕೊಂಡು ಅವನ ಬೆನ್ನ ಪಕ್ಕದಲ್ಲೇ ಕೆಳಗೆ ಹೋಯಿತು. ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ತಳದಿಂದ ಕಲ್ಲು ಕಲ್ಲಿಗೆ ಬಡಿದ ಸದ್ದು ಬಾವಿಯನ್ನೆಲ್ಲ ತುಂಬಿತು. ಪಾರಿವಾಳಗಳು ಪಟಪಟನೆ ಹೊರಗೆ ಹಾರಿದವು.

"ಅಣ್ಣಾ!"

ಮಧು ಅಂಗೈ ಅಗಲದ ಕಲ್ಲಿನ ಮೇಲೆ ನಿಂತು, ಗೋಡೆಯಲ್ಲಿ ಬೆಳೆದಿದ್ದ ಅರಳಿ ಗಿಡದ ಬೇರನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿಕೊಂಡಿದ್ದ. ನಿಂತ ಕಲ್ಲಿನ ಬುಡದಿಂದಲೂ ಮಣ್ಣು ಸಣ್ಣಗೆ ಉದುರುತ್ತಿತ್ತು.

"ಅಣ್ಣ, ಕಟ್ಟೆ ಮೇಲಕ್ಕಿಳಿ. ಅಲ್ಲಿ ಕೂತ್ಕೊ. ಎರಡೇ ಮೆಟ್ಲು."

"ಆಗಲ್ಲ. ಕಾಲು ಬರ್ತಿಲ್ಲ ಕಣೇ."

"ಹಂಗಾದ್ರೆ ನಲ್ಲಪ್ಪ ತಾತನ್ನ, ಅಮ್ಮಾಜಮ್ಮಜ್ಜಿನ ಕರ್ಕೊಂಡ್ಬರ್ತೀನಿ."

"ಬೇಡ! ಕರೆದ್ರೆ ಸೋತಂಗೆ. ಅಪ್ಪಂಗೆ ಗೊತ್ತಾದ್ರೆ ಸಾಯ್ಸಾಕ್ಬಿಡ್ತಾರೆ. ಸ್ವಲ್ಪ ಹೊತ್ತು ಇರು, ನಾನೇ ಬರ್ತೀನಿ."

ಆಶಾ ಇದ್ದಳು. ಅಣ್ಣನ ಮಾತು ಮೀರಿ ಅಭ್ಯಾಸವಿರಲಿಲ್ಲ ಅವಳಿಗೆ. ತಾನೇ ಇಳಿದು ಕೈ ಕೊಡಬಹುದೇ ಎಂದು ಮೊದಲ ಮೆಟ್ಟಿಲಿಗೆ ಒಂದು ಕಾಲಿಟ್ಟಳು. ಕಲ್ಲು ಕದಲಿತು. ಅದರ ಸಂದಿಯ ಮಣ್ಣು ನೇರವಾಗಿ ಮಧುವಿನ ತಲೆಯ ಮೇಲೆ ಬಿತ್ತು. ಅವನು ಕಿರುಚಿದ. ಅವಳು ಕಾಲು ಹಿಂದಕ್ಕೆಳೆದುಕೊಂಡಳು.

"ನಾನೇ ಸೋತೆ ಅಂತ ಇಟ್ಕೊ ಅಣ್ಣ" ಎಂದವಳೇ ಅವನ ಕೂಗಿಗೆ ಕಿವಿಗೊಡದೆ ಎದ್ದು ಓಡಿದಳು.

ಹಿಪ್ಪುನೇರಳೆ ತೋಟದ ಆಚೆ ನಲ್ಲಪ್ಪ ಮತ್ತವನ ಹೆಂಡತಿ ಅಮ್ಮಾಜಮ್ಮ ಸೊಪ್ಪು ಕೊಯ್ಯುತ್ತಿದ್ದರು. ಆಶಾಳ ಬಾಯಿಂದ "ಬಾವಿ" "ಅಣ್ಣ" ಎಂಬ ಎರಡೇ ಮಾತು ಹೊರಟವು. "ಅಯ್ಯೋ ದೇವುಡಾ!" ಎಂದು ಅಮ್ಮಾಜಮ್ಮ ಕುಡುಗೋಲು ಬಿಸಾಕಿದಳು. ನಲ್ಲಪ್ಪ ಗಾಡಿ ಹಗ್ಗಕ್ಕೆ ಓಡಿದ.

ಹಗ್ಗದ ಒಂದು ತುದಿಯನ್ನು ಹೊಂಗೆ ಮರಕ್ಕೆ ಬಿಗಿದು, ಇನ್ನೊಂದು ತುದಿಗೆ ದೊಡ್ಡ ಕುಣಿಕೆ ಹಾಕಿ ಇಳಿಬಿಟ್ಟ. ಅದು ಮಧುವಿನ ಭುಜಕ್ಕೆ ತಾಗಿ ತೂಗಾಡಿತು.

"ಕಂಕುಳಿಗೆ ಹಾಕ್ಕೊಳಪ್ಪ. ಮಿಕ್ಕಿದ್ದು ನಾನು ನೋಡ್ಕೋತೀನಿ."

ಮಧು ಅಲ್ಲಾಡಲಿಲ್ಲ. ಕುಣಿಕೆ ಹಾಕಿಕೊಳ್ಳಬೇಕಾದರೆ ಬೇರು ಬಿಡಬೇಕು. ಅವನ ಕೈಗಳು ಬಿಡಲೊಲ್ಲವು. ನಲ್ಲಪ್ಪ ಬೈದ, ಬೇಡಿದ. ಅಮ್ಮಾಜಮ್ಮ ಮನೆದೇವರಿಗೆ ಹರಕೆ ಹೊತ್ತಳು. ಮಧುವಿನ ಕಾಲಡಿಯ ಕಲ್ಲು ಕಿರ್ ಎಂದಿತು.

"ಅಜ್ಜೀ, ನನ್ ಕಾಲು ಹಿಡ್ಕೊ" ಎಂದು ಆಶಾ ದಡದ ಮೇಲೆ ಬೋರಲು ಮಲಗಿ, ಸೊಂಟದವರೆಗೂ ಬಾವಿಯೊಳಕ್ಕೆ ಬಾಗಿದಳು. ಅಮ್ಮಾಜಮ್ಮ ಅವಳ ಎರಡೂ ಕಾಲುಗಳ ಮೇಲೆ ಕುಳಿತುಬಿಟ್ಟಳು.

"ಅಣ್ಣ, ಕಣ್ಣು ಬಿಡು. ಕೆಳಗೆ ನೋಡ್ಬೇಡ, ನನ್ನ ನೋಡು."

ಮಧು ಮುಖವೆತ್ತಿದ. ಕಣ್ಣೀರಿಗೆ ಮಣ್ಣು ಮೆತ್ತಿಕೊಂಡಿತ್ತು.

"ಕೈ ಬಿಡ್ಬೇಡ. ಬಲಗೈ ಕಿರುಬೆರಳು ಒಂದು ತೆಗಿ. ಅದೊಂದೇ."

ಏನೂ ಆಗಲಿಲ್ಲ. ಅವಳು ಇನ್ನೊಮ್ಮೆ ಹೇಳಿದಳು, ಬೇಡಿಕೊಳ್ಳದೆ, ಎಳೆ ಮಗುವಿಗೆ ಹೇಳುವ ಹಾಗೆ. ಬೇರಿನ ಮೇಲಿಂದ ಕಿರುಬೆರಳು ಎದ್ದಿತು.

"ಹೂಂ. ಉಂಗುರದ ಬೆರಳು."

ಅದೂ ಎದ್ದಿತು. ಮಧ್ಯದ ಬೆರಳಿಗೆ ತುಂಬ ಹೊತ್ತು ಹಿಡಿಯಿತು. ಬೆರಳುಗಳೆಲ್ಲ ಬಿಟ್ಟ ಮೇಲೆ ಬಲಗೈ ತಾನಾಗಿಯೇ ಕುಣಿಕೆಯೊಳಕ್ಕೆ ನುಗ್ಗಿ ಹಗ್ಗವನ್ನು ಅಪ್ಪಿತು. ತಲೆ ತೂರಿತು. ಎಡಗೈ ಬರುವುದಕ್ಕೂ ಕಾಲಡಿಯ ಕಲ್ಲು ಕಿತ್ತುಬರುವುದಕ್ಕೂ ಸರಿಹೋಯಿತು. ಹಗ್ಗ ಬಿಗಿದು ಹೊಂಗೆ ಮರ ಅಲುಗಿತು. ಮಧು ಗಾಳಿಯಲ್ಲಿ ತಿರುಗುತ್ತ ಗೋಡೆಗೆ ಬಡಿದ. ನಲ್ಲಪ್ಪ ದಡದ ಕಲ್ಲಿಗೆ ಕಾಲು ಕೊಟ್ಟು ಹಿಂದಕ್ಕೆ ಬಾಗಿ ಎಳೆದ. ಆಶಾ ಎದ್ದು ಅವನ ಹಿಂದೆ ಹಗ್ಗ ಹಿಡಿದಳು. ಅಮ್ಮಾಜಮ್ಮನೂ ಹಿಡಿದಳು. ಮೂವರೂ ಎಳೆದರು.

ಮಧುವಿನ ಕಂಕುಳು ಸುಲಿದು ರಕ್ತ ಬರುತ್ತಿತ್ತು. ಹುಲ್ಲಿನ ಮೇಲೆ ಮಲಗಿಸಿದರೆ ಹುಲ್ಲನ್ನೇ ಹಿಡಿದುಕೊಂಡ.

ಸಂಜೆ ಗಂಗುಲಪ್ಪ ಬರುವಷ್ಟರಲ್ಲಿ ಸುದ್ದಿ ಊರಿನ ಬಾಗಿಲಲ್ಲೇ ಕಾಯುತ್ತಿತ್ತು. ಖಾಲಿ ಚೀಲಗಳನ್ನು ಜಗಲಿಯ ಮೇಲೆ ಹಾಕಿ, ಮಗನ ಎದುರು ನಿಂತು ಕೇಳಿದ: "ಯಾರು ಹೇಳಿದ್ದು ನಿಂಗೆ ಇಳಿ ಅಂತ?"

ಮಧು ಅಪ್ಪನ ಕೈಯನ್ನು ನೋಡಿದ. "ಆಶಾ" ಎಂದ. "ಕೈಲಿ ಆಗಲ್ಲ ಅಂದ್ಳು. ಅದಕ್ಕೆ ಇಳಿದೆ."

ಗಂಗುಲಪ್ಪನ ಏಟು ಆಶಾಳ ಕೆನ್ನೆಗೆ ಬಿತ್ತು. "ಇದ್ದೊಬ್ಬ ಮಗನ್ನ ಬಾವಿಗೆ ದಬ್ತೀಯೇನೇ?"

ಅವಳು ಅಳಲಿಲ್ಲ. ಅಂದದ್ದು ನಿಜ. ಉಳಿದದ್ದನ್ನು ಅಣ್ಣ ಹೇಳುತ್ತಾನೆಂದು ಅವನ ಕಡೆ ನೋಡಿದಳು. ಅವನು ತಲೆಯೆತ್ತಲಿಲ್ಲ. ಆಶಾ ಒಳಕ್ಕೆ ಹೋಗಿ ರೇಷ್ಮೆ ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಂಕಿಗಳನ್ನು ಒಟ್ಟಿದ್ದ ಹುಳುಮನೆಯ ಮೂಲೆಯಲ್ಲಿ ಕುಳಿತಳು. ಅಮ್ಮ ಊಟಕ್ಕೆ ಕರೆದರೂ ಏಳಲಿಲ್ಲ.

ಮುನಿಲಕ್ಷ್ಮಿ ಮಗನ ಕಂಕುಳಿಗೆ ಅರಿಸಿನ ಎಣ್ಣೆ ಹಚ್ಚುತ್ತಿದ್ದಳು. "ನಿಮ್ಮಪ್ಪಂಗೆ ಸಿಟ್ಟು. ನೋವಿಳೀಲಿ, ಸುಮ್ನಿರಪ್ಪ" ಎಂದಳು. ಮಧು ಅವಳ ಕೈ ಸರಿಸಿ ಎದ್ದ. ಅಪ್ಪ ಉಣ್ಣುತ್ತಿದ್ದ. ಅವನೆದುರು ಹೋಗಿ ನಿಂತ.

"ಏನು?"

"ಬಾವಿಗೆ ನಾನೇ ಕರ್ಕೊಂಡೋಗಿದ್ದು. ಅವ್ಳನ್ನ ಇಳ್ಸಬೇಕು ಅಂತಿದ್ದೆ. ಟ್ಯಾಂಕ್ ಹತ್ಸಿದ್ದೂ ನಾನೇ. ಲಾರಿನೂ. ಯಾರ್ನೂ ಕರೀಬಾರ್ದು ಅಂತ ಹೇಳಿದ್ದೂ ನಾನೇ. ಅವ್ಳು ನನ್ ಮಾತು ಕೇಳಿದ್ರೆ ನಾನಿವತ್ತು ಇರ್ತಿರ್ಲಿಲ್ಲ ಅಪ್ಪ."

ಗಂಗುಲಪ್ಪನ ತುತ್ತು ಕೈಯಲ್ಲೇ ಉಳಿಯಿತು. ಮಧು ಕಣ್ಣು ಮುಚ್ಚಿ ಏಟಿಗೆ ಕಾದ. ಏಟು ಬೀಳಲಿಲ್ಲ. ಅಪ್ಪ ತಟ್ಟೆಯಲ್ಲೇ ಕೈ ತೊಳೆದು, ಎದ್ದು, ಹುಳುಮನೆಯ ಬಾಗಿಲಿಗೆ ಹೋದ.

"ಆಶಮ್ಮ" ಎಂದ. ಅವಳು ಮಿಸುಕಲಿಲ್ಲ. ಗಂಗುಲಪ್ಪ ಅವಳಿಂದ ಸ್ವಲ್ಪ ದೂರದಲ್ಲಿ ನೆಲದ ಮೇಲೆ ಕುಳಿತ. "ಉಣ್ಣಮ್ಮ. ನೀನು ಉಂಡ ಮೇಲೇನೇ ನಾನು ಉಣ್ಣೋದು."

"ನಾಳೆ ಆ ಬಾವಿ ಮುಚ್ಚುಸ್ತೀಯಾ?" ಆಶಾ ಗೋಡೆ ನೋಡಿಕೊಂಡೇ ಕೇಳಿದಳು.

"ನಲ್ಲಪ್ಪನ್ನ ಕೇಳ್ತೀನಿ. ಚಪ್ಪಡಿ ಎಳೆಸಣ."

ಮಧು ಹೊಸ್ತಿಲಾಚೆ ನಿಂತಿದ್ದ. ಒಳಗೆ ಬರಲೋ ಬೇಡವೋ ಎಂದು ಕೈಯಲ್ಲಿ ಮುದ್ದೆ ಸಾರಿನ ತಟ್ಟೆ ಹಿಡಿದು ನೋಡುತ್ತಿದ್ದ. ಆಶಾ ಅವನನ್ನು ಬಹಳ ಹೊತ್ತು ನಿಲ್ಲಿಸಿದಳು. ಸಾರು ಆರಿದ ಮೇಲೆ, ಅವನ ಮುಖ ನೋಡದೆಯೇ, ತಟ್ಟೆಗೆ ಕೈ ಚಾಚಿದಳು.