ಹೂ ನುಂಗಿದ ಲಾರಿ

ನನ್ನ ಗಂಡ ತೀರಿಕೊಂಡಾಗ ನನ್ನ ಪಾಲಿಗೆ ಉಳಿದದ್ದು ಒಂದು ಹಳೇ ಲಾರಿ. ಕಲ್ಲು ತುಂಬಿದರೆ ಮಾದಪ್ಪನ ಬೆಟ್ಟದ ಘಾಟಿಯಲ್ಲಿ ಎರಡನೇ ತಿರುವಿಗೇ ಏದುಸಿರು ಬಿಟ್ಟು ನಿಂತುಬಿಡುತ್ತಿತ್ತು. "ಗುಜರಿಗೆ ಆಕ್ಬುಡಿ ಅತ್ಗೆ" ಎಂದು ಮೈದುನ ನಂಜಯ್ಯ ದಿನಾ ಬಂದು ತಲೆ ತಿನ್ನುತ್ತಿದ್ದ. ಕೇಳಿ ಕೇಳಿ ರೇಗಿಹೋಯಿತು.

"ಕಲ್ಲು ತುಂಬ್ಕಂಡೇ ಬೆಟ್ಟ ಅತ್ತುಸ್ತೀನಿ. ಅತ್ನಿಲ್ಲ ಅಂದ್ರೆ ನೀನೇ ಮಾರ್ಕೊ, ನಾನು ತುಟಿ ಪಿಟಕ್ ಅನ್ನಲ್ಲ" ಅಂದುಬಿಟ್ಟೆ.

ಅಂದಮೇಲೆ ನಿದ್ದೆ ಎಲ್ಲಿಂದ ಬರಬೇಕು? ಸ್ಟೇರಿಂಗಿನ ಮೇಲೆ ನನ್ನ ಗಂಡನ ಕೈ ಸವೆಸಿದ ಗುರುತು ಇನ್ನೂ ಹಾಗೇ ಇತ್ತು. ಅದಕ್ಕೆ ಗುಜರಿಯವನ ಸುತ್ತಿಗೆ ಬೀಳುವುದನ್ನು ನೆನೆದರೇ ಎದ್ದು ಕೂರುತ್ತಿದ್ದೆ.

ಹನೂರಿನ ಮೆಕ್ಯಾನಿಕ್ ರಂಗಸ್ವಾಮಿ ಯಾವುದೋ ಮುರಿದ ಲಾರಿಯಿಂದ, ಇಂಜಿನ್‌ಗೆ ಹೆಚ್ಚು ಗಾಳಿ ಊದಿ ಬಲ ಕೊಡುವ ಟರ್ಬೋ ಬಿಚ್ಚಿ ತಂದ. ಬಸವನಹುಳುವಿನ ಚಿಪ್ಪಿನ ಹಾಗೆ ಸುತ್ತಿಕೊಂಡ ಕಬ್ಬಿಣ. ಇಂಜಿನ್ ಪಕ್ಕದಲ್ಲಿ ಬೆರಳು ತೂರಿಸಲೂ ಜಾಗವಿರಲಿಲ್ಲ. ಅದಕ್ಕೇ ಹಿಂದುಗಡೆ, ಸೈಲೆನ್ಸರ್ ಇದ್ದ ಕಡೆ ಕೂರಿಸಿದ.

"ಮೂಗು ಮುಂದಿರ್ಬೇಕೋ ಇಂದಿರ್ಬೇಕೋ? ನಿಂಗೇನ್ ತಲೆ ನೆಟ್ಗದಾ?" ಎಂದೆ.

"ಇಷ್ಟ್ ದಿನ ಹೊಗೆ ಸುಮ್ನೆ ಓಯ್ತಿತ್ತಲ್ಲಕ್ಕಾ, ಈಗ ಅದೇ ಒಳಗಿನ ಚಕ್ರ ತಿರುಗಿಸ್ತದೆ. ಚಕ್ರ ಇಲ್ಲಿಂದ ಗಾಳಿ ಎಳ್ಕಂಡು ಈ ಪೈಪಲ್ಲಿ ಇಂಜಿನ್‌ಗೆ ನೂಕ್ತದೆ" ಅಂದ.

ಗಾಳಿ ಎಳೆಯುವ ಬಾಯಿಗೆ ಧೂಳು ತಡೆಯುವ ಜಾಲರಿ ಕಟ್ಟಿದ್ದ. ಇಂಜಿನ್ ಗುರುಗುಟ್ಟಿದಾಗ ಅಲ್ಲಿ ಅಂಗೈ ಹಿಡಿದೆ. ಗಾಳಿ ಕೈಯನ್ನೇ ಒಳಕ್ಕೆ ಎಳೆಯಿತು. ಅಯ್ಯೋ ಶಿವನೇ, ಉಸಿರಾಡುತ್ತಿದೆ!

ಕಲ್ಲು ತುಂಬಿ ಹೊರಟೆವು. ಡ್ರೈವರ್ ಮಾದಸ್ವಾಮಿ ಪಕ್ಕ ನಾನು. ಸಾಕ್ಷಿಗೆ ಹಿಂದೆ ಮೊಪೆಡ್ಡಿನಲ್ಲಿ ನಂಜಯ್ಯ. ಘಾಟಿಯ ಬುಡದ ತಾಳುಬೆಟ್ಟದಲ್ಲಿ ಕಾಯಿ ಒಡೆಯದೆ ನಮ್ಮ ಕಡೆಯ ಯಾವ ಗಾಡಿಯೂ ಮೇಲೆ ಹತ್ತುವುದಿಲ್ಲ. ಕಾಯಿ ಒಡೆದಾಯಿತು. ಯಾವಾಗಲೂ ಮುಂದುಗಡೆ ಹಾಕುವ ಹಾರವನ್ನು ಮಾದಸ್ವಾಮಿ ಹಿಂದಕ್ಕೆ ಒಯ್ದ.

"ಎಲ್ಗ್ಲಾ?" ಎಂದೆ.

"ಉಸುರಿರಾದು ಇಂದ್ಗಡೆ ಅಲ್ವಾ ಅಕ್ಕಾ, ಪೂಜೆ ಅದ್ಕೇ ಆಗ್ಬೇಕು" ಎಂದು ದಪ್ಪ ಸೇವಂತಿಗೆ ಹಾರವನ್ನು ಗಾಳಿ ಬಾಯಿಯ ಮೇಲೇ ಇಳಿಬಿಟ್ಟು ಕೈಮುಗಿದ. ನನಗೂ ಸರಿಯೆನಿಸಿತು.

ಮೊದಲ ತಿರುವು, ಎರಡನೆಯದು. ಲಾರಿ ಸಣ್ಣಗೆ ಸಿಳ್ಳೆ ಹಾಕುತ್ತಾ ಏರಿತು. ನಾನು ಬಾಯಿ ಬಿಟ್ಟುಕೊಂಡು ಕೂತಿದ್ದೆ. ಮೂರನೆಯ ತಿರುವಿನಲ್ಲಿ ಕಪ್ಪು ಹೊಗೆ ಕಾರಿ, ನಡುಗಿ, ನಿಂತೇಹೋಯಿತು. ಮಾದಸ್ವಾಮಿ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟ. ಮುಗಿಯಿತು, ಮಾತು ಕೊಟ್ಟಾಗಿದೆ.

ಹೊಗೆಗೆ ಮುಖವೆಲ್ಲ ಮಸಿಯಾಗಿದ್ದ ನಂಜಯ್ಯ ಓಡಿಬಂದ. ಬಂದ ನೋಡು ಗುಜರಿ ದೊರೆ ಅಂದುಕೊಂಡೆ. ಅವನ ಕಣ್ಣು ಇಷ್ಟಗಲವಾಗಿತ್ತು.

"ಅತ್ಗೆ, ಕಣ್ಣಾರ ಕಂಡೆ. ಲಾರಿ ಹೂ ನುಂಗ್ತಾ ಅದೆ!"

ಹೋಗಿ ನೋಡಿದರೆ, ಇಡೀ ಹಾರ ಜಾಲರಿಗೆ ಅಪ್ಪಳಿಸಿ ಅಂಟಿಕೊಂಡಿದೆ, ಗಾಳಿಗೆ ದಾರಿಯೇ ಇಲ್ಲ. ಮಾದಸ್ವಾಮಿ ನಾಲಿಗೆ ಕಚ್ಚಿಕೊಂಡ. ಅವನನ್ನು ಬೈಯುವಷ್ಟರಲ್ಲಿ ನಂಜಯ್ಯ ಬಿಳೀ ಪಂಚೆಯಲ್ಲೇ ಲಾರಿ ಕೆಳಗೆ ತೂರಿ, ಹಾರವನ್ನು ಜಾಲರಿಯಿಂದ ಬಿಡಿಸಿ ತೆಗೆದ. ಬಾಯಿ ಮುಚ್ಚಿಕೊಂಡಿದ್ದರೆ ಲಾರಿ ಅವನ ಪಾಲಾಗುತ್ತಿತ್ತು. ಅದು ಹೊಳೆದದ್ದೇ ಮುಖ ತೊಳೆಯಲೆಂದು ಅವನ ಕೈಗೆ ನೀರು ಹುಯ್ದೆ.

ಮಾದಸ್ವಾಮಿ ಮತ್ತೆ ಸ್ಟಾರ್ಟ್ ಮಾಡಿದ. ಆಮೇಲೆ ನಿಂತದ್ದು ಬೆಟ್ಟದ ಮೇಲೆಯೇ. ಕೆಳಗೆ ಕಾಡು, ಅದರಾಚೆ ಮತ್ತೆ ಕಾಡು. ಅಷ್ಟು ಕಲ್ಲನ್ನು ಅಷ್ಟೆತ್ತರಕ್ಕೆ ತಂದದ್ದು ಬರೀ ಹೊಗೆ ಅಂದರೆ ನಂಬುವುದು ಹೇಗೆ?

ನಂಜಯ್ಯ ಮೊಪೆಡ್ ನೂಕಿಕೊಂಡು ಬೆವರು ಸುರಿಸುತ್ತಾ ಬಂದ. ಜೇಬಿನಿಂದ ಆ ನಜ್ಜುಗುಜ್ಜಾದ ಹಾರ ತೆಗೆದು ಕಣ್ಣಿಗೆ ಒತ್ತಿಕೊಂಡು, ಲಾರಿಯ ಮುಂದುಗಡೆ ಕಟ್ಟಿದ.

"ಗುಜರಿಯವ್ನಿಗೆ ಬರಬ್ಯಾಡ ಅಂತ ಯೋಳ್ಬುಡ್ತೀನಿ ಅತ್ಗೆ" ಅಂದ. "ಉಸುರಾಡೋದ್ನ ಯಾರಾದ್ರೂ ಮಾರಾರಾ?"