ತಡೆಹಿಡಿದ ದನಿ

ನಮ್ಮ ವಾಚನಾಲಯದ ಕಿಟಕಿಯ ಪಕ್ಕದ ಮೊಳೆಯಲ್ಲಿ ಒಂದು ಹೆಡ್‌ಫೋನ್ ತೂಗುತ್ತಿತ್ತು. ಅದರ ಎರಡು ಕಿವಿಗಳಿಗೂ ನೀಲಿ ರವಿಕೆ ಬಟ್ಟೆಯ ಗವಸು. ಹೊಲಿದವರು ವೇದಾವತಮ್ಮ. ಕಣ್ಣು ಕಾಣದಿದ್ದರೂ ಅವರ ಹೊಲಿಗೆ ಎಲ್ಲೂ ಅಂಕುಡೊಂಕಾಗಿರಲಿಲ್ಲ. ಆ ಹೆಡ್‌ಫೋನನ್ನು ಬೇರೆ ಯಾರೂ ಮುಟ್ಟುತ್ತಿರಲಿಲ್ಲ. ಮುಟ್ಟಬಾರದೆಂದು ಯಾರೂ ಹೇಳಿರಲೂ ಇಲ್ಲ.

ವೇದಾವತಮ್ಮ ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ನಿವೃತ್ತಿಯಾದ ಮೇಲೆ ದೃಷ್ಟಿ ಹೋಯಿತು. ದಿನವೂ ಬೆಳಗ್ಗೆ ಹತ್ತಕ್ಕೆ ಕೋಲು ಊರಿಕೊಂಡು ಬಂದು, ಹೆಡ್‌ಫೋನ್ ಏರಿಸಿ, ಕಂಪ್ಯೂಟರ್ ಓದಿ ಹೇಳುವ ಪುಸ್ತಕಗಳನ್ನು ಕೇಳುತ್ತಿದ್ದರು. ಶುರುವಿನ ದಿನಗಳಲ್ಲಿ ಕೀಲಿ ಒತ್ತುವ ಮುಂಚೆ, ಹಳೆಯ ಕಸುಬಿನ ರೂಢಿಯಂತೆ, "ಲೈನ್ ಸಿಕ್ಕಿದೆ, ಮಾತಾಡಿ" ಎನ್ನುತ್ತಿದ್ದರು. ಪಕ್ಕದಲ್ಲಿ ಪತ್ರಿಕೆ ಓದುತ್ತಿದ್ದವರಿಗೆ ನಗು ಬರುತ್ತಿತ್ತು, ಅವರೂ ನಗುತ್ತಿದ್ದರು. ಹನ್ನೆರಡೂವರೆಗೆ ಸರಿಯಾಗಿ ಹೆಡ್‌ಫೋನನ್ನು ಮೊಳೆಗೆ ತೂಗುಹಾಕಿ ಊಟಕ್ಕೆ ಹೊರಡುತ್ತಿದ್ದರು.

ಆ ಕಂಪ್ಯೂಟರಿನ ಯೋಗಕ್ಷೇಮ ನನ್ನದಾಗಿತ್ತು. ನಾನು ಸೇರಿದ್ದು ಪುಸ್ತಕ ಜೋಡಿಸುವ ಕೆಲಸಕ್ಕೆ. ಆದರೆ ನನಗೆ ಆ ಕಂಪ್ಯೂಟರನ್ನು ನಡೆಸುವ ಲಿನಕ್ಸ್ ನಾಲ್ಕಕ್ಷರ ಬರುತ್ತಿತ್ತು, ಉಳಿದವರಿಗೆ ಅದೂ ಇರಲಿಲ್ಲ. ಹಾಳೂರಿಗೆ ಉಳಿದವನೇ ಗೌಡ ಎಂಬಂತೆ ನಾನೇ ತಜ್ಞನಾದೆ. ತಜ್ಞನೆನಿಸಿಕೊಂಡವನಿಗೆ ಬರುವ ಜಂಬವೂ ಕ್ರಮೇಣ ಬಂತು.

ಆ ವರ್ಷ ವೇದಾವತಮ್ಮ ಒಂದು ದೊಡ್ಡ ಕಾದಂಬರಿಯ ಮೊದಲ ಭಾಗ ಮುಗಿಸಿದ್ದರು. ಗಂಡನ ಮನೆ ಬಿಟ್ಟ ನಾಯಕಿ ತುಂಬಿದ ಹೊಳೆಯಲ್ಲಿ ದೋಣಿ ಹತ್ತುವಲ್ಲಿಗೆ ಅದು ನಿಂತಿತ್ತು. "ಆ ಹುಡುಗಿ ದಡ ಸೇರಿದ್ಲೇನಪ್ಪಾ?" ಎಂದು ಬಂದಾಗಲೆಲ್ಲ ಕೇಳುತ್ತಿದ್ದರು. ಕೊನೆಗೆ ಎರಡನೆಯ ಭಾಗ ಬಂತು. ಆದರೆ ಅದು ಹೊಸ ನಮೂನೆಯ ಕಡತ. ನಮ್ಮ ಹಳೆಯ ಓದುವ ತಂತ್ರಾಂಶಕ್ಕೆ ತೆರೆಯಲು ಬರಲಿಲ್ಲ. ಇಡೀ ವ್ಯವಸ್ಥೆಯನ್ನು ಅಪ್‌ಡೇಟ್ ಮಾಡದೆ ಗತ್ಯಂತರವಿರಲಿಲ್ಲ.

ಅಲ್ಲಿ ಶುರುವಾಯಿತು ಜಗಳ. ಲಿನಕ್ಸಿನಲ್ಲಿ ಪ್ರತಿ ಪ್ಯಾಕೇಜೂ, ಅಂದರೆ ತಂತ್ರಾಂಶದ ಪ್ರತಿ ಕಟ್ಟೂ, ಇನ್ನಾವುದೋ ಪ್ಯಾಕೇಜಿನ ಆಸರೆಯಲ್ಲಿ ನಿಂತಿರುತ್ತದೆ. ಹೊಸ ಓದುವ ತಂತ್ರಾಂಶಕ್ಕೆ ಧ್ವನಿಯ ಪ್ಯಾಕೇಜಿನ ಮೂರನೆಯ ಆವೃತ್ತಿ ಬೇಕು. ವೇದಾವತಮ್ಮ ಕೇಳುತ್ತಿದ್ದ ಕನ್ನಡ ದನಿಗೋ ಎರಡನೆಯದೇ ಆಗಬೇಕು. ಎರಡೂ ಕೂರಬೇಕಾದದ್ದು ಒಂದೇ ಜಾಗದಲ್ಲಿ. ದೋಣಿಯ ಹುಡುಗಿ ದಡ ಸೇರಬೇಕಾದರೆ ಆ ದನಿ ಹೋಗಿ ಬೇರೊಂದು ಬರಬೇಕು. ದನಿ ಉಳಿಯಬೇಕಾದರೆ ಹುಡುಗಿ ಹೊಳೆಯ ನಡುವೆಯೇ ಇರಬೇಕು.

ನಾನು ಎರಡು ದಿನ ಹೆಣಗಿದೆ. ಹಳೆಯ ಆವೃತ್ತಿಯನ್ನು ಬೇರೊಂದು ಕಡೆ ಇರಿಸಿ ನೋಡಿದೆ. ದನಿ ಕೆಮ್ಮಿತು, ಮಾತಾಡಲಿಲ್ಲ. ಅಪ್‌ಡೇಟನ್ನು ಬಲವಂತವಾಗಿ ನೂಕಿದೆ. ಅದು ಅರ್ಧಕ್ಕೇ ನಿಂತಿತು. ಎಲ್ಲವನ್ನೂ ಮೊದಲೇ ನಕಲು ಮಾಡಿಟ್ಟುಕೊಂಡಿದ್ದರಿಂದ ಹಿಂದಿನ ಸ್ಥಿತಿಗೆ ತಂದು ಉಸಿರುಬಿಟ್ಟೆ.

ಗ್ರಂಥಪಾಲಕ ನಂಜರಾಜಯ್ಯನವರು ಕನ್ನಡಕ ಹಣೆಗೇರಿಸಿಕೊಂಡು ಬಂದು ನಿಂತರು. "ಏನಯ್ಯಾ ಅದು, ಬಗೆಹರಿಯದ ವ್ಯಾಜ್ಯ?"

"ಒಂದೇ ಒರೇಲಿ ಎರಡು ಕತ್ತಿ ಸಾರ್. ಒಂದನ್ನ ತೆಗೀಲೇಬೇಕು."

"ದನಿ ಅವರದು ತಾನೆ? ಅವರನ್ನೇ ಒಂದ್ ಮಾತು ಕೇಳಬಾರ್ದಾ?"

"ಕೇಳೋದೇನಿದೆ ಸಾರ್, ಆ ದನಿ ಇಲ್ದಿದ್ರೆ ಅವರು ಇಲ್ಲಿಗೆ ಬರೋದೇ ಇಲ್ಲ" ಎಂದೆ. ಅವರು ಬರದ ಬೆಳಗನ್ನು ನೆನೆದರೇ ನನಗೆ ಸಂಕಟವಾಗುತ್ತಿತ್ತು. ತಾಯಿಯನ್ನು ಚಿಕ್ಕಂದಿನಲ್ಲೇ ಕಳೆದುಕೊಂಡವನು ನಾನು. ಹತ್ತು ಗಂಟೆಯ ಆ ಕೋಲಿನ ಸದ್ದಿಗೆ ಕಾಯುವುದು ನನಗೂ ಅಭ್ಯಾಸವಾಗಿಬಿಟ್ಟಿತ್ತು.

ಮೂರನೆಯ ದಿನ ಪರದೆಯ ಮೇಲಿನ ಸಂದೇಶಗಳನ್ನು ಒಂದೊಂದಾಗಿ ಓದುತ್ತ ಕುಳಿತೆ. ಹಿಂದೆ ಓದದೆ ದಾಟಿದ್ದ ಒಂದು ಸಾಲು ಕಣ್ಣಿಗೆ ಬಿತ್ತು. ಕನ್ನಡ ದನಿಯ ಪ್ಯಾಕೇಜನ್ನು ಯಾರೋ ತಡೆಹಿಡಿದಿದ್ದಾರೆ, ಅದನ್ನು ಕದಲಿಸಕೂಡದೆಂದು ಯಂತ್ರಕ್ಕೆ ಅಪ್ಪಣೆಯಾಗಿದೆ. ಐದು ವರ್ಷದಿಂದ ಪ್ರತಿ ಅಪ್‌ಡೇಟೂ ಆ ದನಿಯನ್ನು ಹೊಸದು ಮಾಡಲು ನೋಡಿ, ಕೈಲಾಗದೆ, ಸುತ್ತುಹಾಕಿಕೊಂಡು ಹೋಗಿತ್ತು. ಜಗಳ ಇಷ್ಟು ಬಲಿತದ್ದೇ ಅದರಿಂದ.

ಯಾವ ಪುಣ್ಯಾತ್ಮನ ಕೆಲಸವಿದು ಎಂದು ಬಯ್ದುಕೊಳ್ಳುತ್ತ, ಯಂತ್ರಕ್ಕೆ ಮಾಡಿದ ಉಪಚಾರವನ್ನೆಲ್ಲ ಬರೆದಿಡುವ ನೋಟುಬುಕ್ಕನ್ನು ಮೇಜಿನ ಡ್ರಾಯರಿನಿಂದ ತೆಗೆದೆ. ಹಳೆಯ ಪುಟವೊಂದರಲ್ಲಿ ಹೀಗಿತ್ತು: "ಹಳೆಯ ದನಿಯನ್ನು ತಡೆಹಿಡಿಯಲಾಗಿದೆ. ಯಾವ ಕಾರಣಕ್ಕೂ ತೆಗೆಯಕೂಡದು. ವೇದಾವತಮ್ಮನವರಿಗಾಗಿ." ಕೆಳಗೆ ಎರಡೆರಡು ಗೆರೆ. ಅಕ್ಷರ ನನ್ನದೇ.

ತಡೆ ಹಾಕಿದವನು ನಾನೇ ಎಂಬುದು ಆಗ ನೆನಪಾಯಿತು. ಐದು ವರ್ಷದ ಹಿಂದೆ ಒಂದು ಅಪ್‌ಡೇಟ್ ಆದಾಗ ದನಿ ಬದಲಾಗಿತ್ತು. ವೇದಾವತಮ್ಮ ಅದನ್ನು ಒಂದು ದಿನ ಕೇಳಿದರು. ಮರುದಿನದಿಂದ ಬರಲಿಲ್ಲ. ಒಂದು ವಾರ ನೋಡಿದೆ, ಎರಡು ವಾರ ನೋಡಿದೆ. ದನಿ ಹಿಡಿಸದೆ ಬೇಸರಪಟ್ಟುಕೊಂಡರೆಂದು ತೀರ್ಮಾನಿಸಿ, ಊಟ ತಿಂಡಿ ಮರೆತು ಹಳೆಯದನ್ನು ಹುಡುಕಿ ತಂದು ಕೂರಿಸಿದೆ. ತಿಂಗಳ ಮೇಲೆ ಅವರು ಬಂದಾಗ ನನಗೆ ಸ್ವರ್ಗ ಮೂರೇ ಗೇಣು.

ಇನ್ನು ಕೇಳದೆ ವಿಧಿಯಿರಲಿಲ್ಲ. ಬೆಳಗ್ಗೆ ಅವರು ಬಂದು ಕುಳಿತೊಡನೆ ವಿಷಯವನ್ನೆಲ್ಲ ಹೇಳಿ, "ಅಮ್ಮಾ, ಎರಡನೇ ಭಾಗ ಬೇಕೂಂದ್ರೆ ಈ ದನಿ ಬಿಡಬೇಕಾಗುತ್ತೆ. ನೀವು ಬೇಡ ಅಂದ್ರೆ ಬೇಡ" ಎಂದೆ.

ವೇದಾವತಮ್ಮ ಕೋಲನ್ನು ಗೋಡೆಗೆ ಒರಗಿಸಿದರು. ಆಮೇಲೆ ಅವರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆಂದು ಹೆದರಿದೆ. ಅವರು ನಗುತ್ತಿದ್ದರು.

"ಇದನ್ನ ಬಿಡೋಕೆ ನನ್ನ ಅಪ್ಪಣೆ ಬೇಕಾ? ತಗಡಿನ ಡಬ್ಬೀಲಿ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಓದುತ್ತಪ್ಪ ಇದು!"

"ಮತ್ತೆ ಅವತ್ತು ಹೊಸ ದನಿ ಕೇಳಿ ಬರೋದೇ ಬಿಟ್ರಲ್ಲಮ್ಮ?"

"ತಂಗಿ ಮಗಳ ಬಾಣಂತನಕ್ಕೆ ಹೋಗಿದ್ದೆ ಕಣೋ. ಆ ಹೊಸ ದನಿ ಎಷ್ಟು ಚೆನ್ನಾಗಿತ್ತು! ಅಲ್ಪವಿರಾಮ ಬಂದ್ರೆ ಉಸಿರು ತಗೋತಿತ್ತು. ಮಗೂನ ತೊಡೆ ಮೇಲೆ ಹಾಕ್ಕೊಂಡು ಯಾವಾಗ ವಾಪಸ್ ಹೋಗ್ತೀನೋ ಅಂತ ಕಾಯ್ತಿದ್ದೆ."

"ಬಂದ ದಿನ ಒಂದು ಮಾತು ಹೇಳಬಾರ್ದಿತ್ತಾ?"

"ಹೇಳೋಕೆ ಬಿಟ್ಯಾ? ಬಾಗಿಲಲ್ಲೇ ನಿಲ್ಲಿಸಿ, 'ಅಮ್ಮಾ, ನಿಮ್ಮ ದನಿ ವಾಪಸ್ ತಂದಿದೀನಿ' ಅಂದೆ. ಮೂವತ್ತು ವರ್ಷ ಬರೀ ದನಿ ಕೇಳಿ ಮನುಷ್ಯರನ್ನ ತಿಳ್ಕೊಂಡೋಳು ನಾನು. ಆ ಹೊತ್ತು ನಿನ್ನ ದನೀಲಿದ್ದ ಸಂತೋಷ ಕೇಳಿ, ಬೇಡ ಅನ್ನೋಕೆ ಬಾಯಿ ಬರಲಿಲ್ಲ."

ನಾಚಿಕೆಯಿಂದ ನೆಲ ನೋಡಿದೆ. ಕಣ್ಣು ಕಾಣದವರ ಎದುರು ತಲೆ ತಗ್ಗಿಸಿದ್ದು ನೆನೆದು ಮರುಕ್ಷಣ ನನಗೂ ನಗು ಬಂತು. ನಾನು ಅವರಿಗಾಗಿ, ಅವರು ನನಗಾಗಿ, ಇಬ್ಬರಿಗೂ ಬೇಡವಾದ ದನಿಯನ್ನು ಐದು ವರ್ಷ ಸಾಕಿದ್ದೆವು. ನನಗಾಗಿ ಒಬ್ಬರು ಅಷ್ಟು ಕಾಲ ಕಲ್ಲಿನ ಡಬ್ಬಿ ಕೇಳಿದ್ದರೆಂಬುದು ಎದೆಗೆ ತಾಕಿತು. ಅಂಥದ್ದು ಅದಕ್ಕೆ ಮುಂಚೆ ನನಗೆ ಯಾರೂ ಮಾಡಿರಲಿಲ್ಲ.

ಮೂಲೆಯಿಂದ ನಂಜರಾಜಯ್ಯನವರು, "ಅವರನ್ನೇ ಕೇಳು ಅಂತ ನಾನು ಮೊನ್ನೇನೇ ಹೇಳಲಿಲ್ವಾ?" ಎಂದರು.

ತಡೆ ತೆಗೆಯಲು ಒಂದೇ ಸಾಲಿನ ಆಜ್ಞೆ ಸಾಕಾಯಿತು. ಹಳೆಯ ದನಿ ಹೋಯಿತು, ಮೂರನೆಯ ಆವೃತ್ತಿ ಹೊಸ ದನಿಯೊಡನೆ ಬಂದು ಅದರ ಜಾಗದಲ್ಲಿ ಕುಳಿತಿತು, ಉಳಿದ ಪ್ಯಾಕೇಜುಗಳೆಲ್ಲ ಬಾಯಿಮುಚ್ಚಿಕೊಂಡು ಹಿಂದೆ ಬಂದವು. ಹನ್ನೊಂದರ ಹೊತ್ತಿಗೆ ಎರಡನೆಯ ಭಾಗ ತೆರೆಯಿತು. ವೇದಾವತಮ್ಮ ಸೆರಗು ಸರಿಮಾಡಿಕೊಂಡು, ನೀಲಿ ಗವಸಿನ ಹೆಡ್‌ಫೋನ್ ಏರಿಸಿ, ಬೆನ್ನು ನೆಟ್ಟಗೆ ಮಾಡಿ ಕುಳಿತರು.

"ಲೈನ್ ಸಿಕ್ಕಿದೆ, ಮಾತಾಡಿ" ಎಂದರು.

ಆ ಮಾತನ್ನು ಅವರ ಬಾಯಲ್ಲಿ ಕೇಳಿ ಐದು ವರ್ಷವಾಗಿತ್ತು. ಅದು ನಿಂತಿದ್ದನ್ನು ನಾನು ಗಮನಿಸಿಯೇ ಇರಲಿಲ್ಲ.

ಹನ್ನೆರಡೂವರೆ ಹೊಡೆಯಿತು, ಒಂದು ಹೊಡೆಯಿತು. ನಂಜರಾಜಯ್ಯನವರು ಊಟ ಮುಗಿಸಿ ಬಂದು ಪತ್ರಿಕೆ ಬಿಡಿಸಿದರು. ಕಿಟಕಿಯ ಪಕ್ಕದ ಮೊಳೆ ಇನ್ನೂ ಬರಿದಾಗಿಯೇ ಇತ್ತು.