ಸಂಗಣ್ಣನ ದಾವತ್ತು

“ಕೇಳ್ರೆಪೋ ಕೇಳ್ರಿ! ಹಳ್ಳದ ಕಡಿ ಹೊಲ ಇದ್ದವರೆಲ್ಲಾ ಕಿವಿಗೊಟ್ಟು ಕೇಳ್ರಿ! ಇವತ್ತು, ನಾಳಿ ಎರಡು ದಿನ ಹೊಲದ ಇಲಿಗೋಳಿಗೆ ದಾವತ್ತದ! ಎಣ್ಣಿ ಹಚ್ಚಿದ ಜ್ವಾಳದ ನುಚ್ಚು ಬಿಲದ ಬಾಯಾಗ ಇಡಬೇಕು. ಪಾಷಾಣ ಯಾರೂ ಬೆರಸಬಾರದು. ಮೂರನೇ ದಿನ ಎಲ್ಲಾರೂ ಕೂಡಿ ಬೆರಸಬೇಕು. ಸಂಗಣ್ಣನ ಹುಕುಂ ಅದ!”

ತಿಮ್ಮಣ್ಣ ಹಲಗೆ ಬಡಿಯುತ್ತ ಓಣಿ ತಿರುಗಿದಾಗ, ಹುಕುಂ ಹೊರಡಿಸಿದ ಸಂಗಣ್ಣನನ್ನು ಮನೆಯ ಕಟ್ಟೆಯ ಮೇಲೆ ಗೋಡೆಗೆ ಆನಿಸಿ ಕೂಡ್ರಿಸುತ್ತಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಹಾರ, ಬೆನ್ನು ನೆಟ್ಟಗೆ. ನಸುಕಿನಲ್ಲಿ ಎದೆ ಹಿಡಿದುಕೊಂಡವನು ಸುರಪುರದ ದವಾಖಾನೆ ಮುಟ್ಟುವ ಮೊದಲೇ ಹೋಗಿಬಿಟ್ಟಿದ್ದ. ತಿಮ್ಮಣ್ಣನಿಗೆ ಖಬರಿರಲಿಲ್ಲ. ಮಂದಿಯನ್ನು ಕಂಡದ್ದೇ ಅವನ ಕೋಲು ಗಾಳಿಯಲ್ಲೇ ನಿಂತಿತು.

“ಯವ್ವಾ, ನಂಗ ಗೊತ್ತಿರಲಿಲ್ಲ...”

“ಸಾರು ತಮ್ಮಾ,” ಎಂದಳು ಗೊಲ್ಲಾಳಮ್ಮ, ಗಂಡನ ಹಾರ ಸರಿಮಾಡುತ್ತ. “ನಿನ್ನಿ ಅವರ ಬಾಯಿಲೆ ಬಂದ ಮಾತದು. ಪೂರಾ ಊರು ತಿರುಗು.”

ಹೆಂಗಸರ ನಡುವೆ ಗುಸುಗುಸು ಎದ್ದಿತು. ಸಂಗಣ್ಣನ ತಂಗಿ ಕಸ್ತೂರಿ ಹತ್ತಿರ ಸರಿದು ಕಿವಿಯಲ್ಲಿ ಅಂದಳು: “ವೈನಿ, ಮಂದಿ ಏನೇನೋ ಅನ್ನಾಕತ್ತಾರ. ಮನ್ಯಾಗ ಪಾಷಾಣ ತಂದಿಟ್ಟಿದ್ದಾ, ಎದಿನೋವೋ ಮತ್ತೊಂದೋ ಅಂತ.”

ಗೊಲ್ಲಾಳಮ್ಮ ಒಳಗೆ ಹೋಗಿ ಜಂತಿಗೆ ಸಿಕ್ಕಿಸಿದ್ದ ಪಾಷಾಣದ ಪುಡಿಕೆ ತಂದು ಎಲ್ಲರ ಮುಂದೆ ಹಿಡಿದಳು.

“ಬಾಯಿ ಒಡದಿಲ್ಲ, ನೋಡ್ಕೋರ್ರಿ. ಇಲಿ ಬಿಟ್ಟು ಮತ್ಯಾರ ಹೆಸರಿಲೂ ತಂದದ್ದಲ್ಲ ಇದು.”

ನೋಡಿದರು. ಗುಸುಗುಸು ನಿಲ್ಲಲಿಲ್ಲ, ಸಣ್ಣದಾಯಿತು.

*

ಹಿಂದಿನ ವರ್ಷ ಸಂಗಣ್ಣ ಒಬ್ಬನೇ ಪಾಷಾಣ ಇಟ್ಟಿದ್ದ. ಸತ್ತ ಇಲಿಗಳನ್ನು ಬುಟ್ಟಿಗೆ ತುಂಬಿಕೊಂಡು ಹುಲಿ ಹೊಡೆದ ರಾಜನ ಹಾಗೆ ಊರಲ್ಲಿ ಮೆರೆದ. ವಾರದೊಳಗೆ, ಖಾಲಿ ಬಿದ್ದ ಬಿಲಗಳಿಗೆ ಪಕ್ಕದ ರೇವಣಸಿದ್ದನ ಹೊಲದ ಇಲಿಗಳು ಮಕ್ಕಳು ಮರಿ ಕಟ್ಟಿಕೊಂಡು ಬಂದು ಸಂಸಾರ ಹೂಡಿದವು. ಶೇಂಗಾ ಕಿತ್ತರೆ ಬಳ್ಳಿಯ ಬುಡದಲ್ಲಿ ಬರೀ ಬೇರು.

“ನಿನ್ನ ಇಲಿ ನನ್ನ ಹೊಲ ತಿಂದಾವಲೇ!”

“ನನ್ನವ ಅಂತ ಅವುಕ್ಕೇನು ಗಂಟಿ ಕಟ್ಟೀನೇನು?” ಎಂದ ರೇವಣಸಿದ್ದ.

ಅಂದಿನಿಂದ ಸಂಗಣ್ಣನಿಗೆ ಒಂದೇ ಹುಚ್ಚು. ಇಲಿಗೆ ಬದು ಗೊತ್ತಿಲ್ಲ, ಎಲ್ಲ ಹೊಲಕ್ಕೂ ಒಂದೇ ದಿನ ಇಡಬೇಕು. ಅವನು ಮನೆಮನೆ ತಿರುಗಿದ. ಕೆಂಭಾವಿ ಸಂತೆಯಲ್ಲಿ ಸಿಕ್ಕವರ ಅಂಗಿ ಹಿಡಿದು ನಿಲ್ಲಿಸಿದ. ಒಬ್ಬನಿಗೆ ಬೀಗರ ಮದುವೆ, ಮತ್ತೊಬ್ಬನ ಹೆಂಡತಿಗೆ ಇಲಿ ಗಣಪತಿಯ ಗಾಡಿ. “ಇಲಿ ಸಾಹೇಬ್ರು ಬಂದ್ರು” ಎಂದು ಚಹಾದಂಗಡಿಯಲ್ಲಿ ನಕ್ಕರು. ಈ ವರ್ಷ ಎಲ್ಲರ ಶೇಂಗಾಕ್ಕೂ ಹಲ್ಲು ತಗುಲಿದ ಮೇಲೆ ನಗು ನಿಂತಿತು, ರೇವಣಸಿದ್ದನೂ ಹೂಂ ಅಂದ.

ನಿನ್ನೆ ಸಂಜೆ ಹೊಸ್ತಿಲಲ್ಲಿ ಕೂತು ನುಚ್ಚಿಗೆ ಎಣ್ಣೆ ತಿಕ್ಕುತ್ತಿದ್ದ ಗಂಡನನ್ನು ಗೊಲ್ಲಾಳಮ್ಮ ಕೇಳಿದ್ದಳು: “ಕೊಲ್ಲೋರು ಕೊಲ್ರಿ. ಎರಡು ದಿನ ಊಟ ಯಾಕ?”

“ಇಲಿ ಭಾಳ ಶ್ಯಾಣ್ಯಾ. ಮೊದಲ ತುತ್ತಿಗೇ ಹೊಟ್ಟಿ ನೊಂದರ ಮತ್ತ ಮೂಸಂಗಿಲ್ಲ. ನಂಬಿಸಬೇಕು. ವಾರದಾಗ ಶೇಂಗಾ ಕೀಳಬೇಕು, ಈ ಸಲ ಕಾಯಿ ಮನಿಗೆ ಬರ್ತಾವ ನೋಡು.” ಬೆರಳು ನೆಕ್ಕಿ ಸೇರಿಸಿದ: “ಆದ್ರ ಮೂರನೇ ದಿನ ತಪ್ಪಿತಂದ್ರ ಬೀಗರಿಗಿ ಮಾಡಿದಂಗ, ಊಟ ಹಾಕಿದ್ದಷ್ಟೇ ಬಂತು.”

*

ಅವನದೇ ಹೊಲದ ಬದುವಿನ ಪಕ್ಕ ಕುಣಿ ತೋಡಿದ್ದರು. ಡಂಗುರ ಕೇಳಿದವರು ಮಣ್ಣಿಗೆ ಬರುವ ಮೊದಲೇ ನುಚ್ಚು ಇಟ್ಟು ಬಂದಿದ್ದರು. ಸಂಗಣ್ಣನ ಹೆಸರಿನಲ್ಲಿ ಒಂದು ಹಿಡಿ ಜಾಸ್ತಿಯೇ.

ರೇವಣಸಿದ್ದ ಹಿಡಿ ಮಣ್ಣು ಎತ್ತಿ ಹೋ ಎಂದು ಅತ್ತ. “ಸಂಗಣ್ಣಾ, ಮೂರನೇ ದಿನ ಎಲ್ಲಾರಕಿಂತ ಮೊದಲ ನನ್ನ ಹೊಲದಾಗ ಪಾಷಾಣ ಬೀಳ್ತದ. ನಿನ್ನ ಆಣಿ!”

“ಹೌದೌದು,” ಎಂದಿತು ಊರು.

ಬೆಳಗಿನಿಂದ ಬಿಗಿಹಿಡಿದಿದ್ದ ಉಸಿರನ್ನು ಗೊಲ್ಲಾಳಮ್ಮ ಆಗ ಬಿಟ್ಟಳು. ಹಸುರು ಶೇಂಗಾದ ಕಡೆ ಒಮ್ಮೆ ನೋಡಿದಳು.

ಕುಣಿ ಮುಚ್ಚಿಸಿ, ಗುಡ್ಡೆಗೆ ವಿಭೂತಿ ಚೆಲ್ಲಿದ ಅಯ್ಯನವರು ಕೈ ತೊಳೆಯುತ್ತ ತಲೆ ಎತ್ತಿದರು. “ಮೂರನೇ ದಿನ ಅಂದ್ರ ನಾಡದ್ದಲ್ಲೇನು? ಅವತ್ತು ಇದೇ ಕುಣಿ ಮ್ಯಾಲ ಎಡಿ ಇಡಬೇಕು. ಕಾಗಿ ಬಂದು ಮುಟ್ಟಬೇಕು.”

“ಮುಟ್ಲಿ ಬಿಡ್ರಿ ಅಜ್ಜಾರ,” ಎಂದ ರೇವಣಸಿದ್ದ.

“ಹೊಲದ ತುಂಬ ಪಾಷಾಣ ಇಟ್ಟು ಕಾಗಿಗೆ ಊಟಕ್ಕ ಕರೀತೀರೇನ್ರೋ? ಸತ್ತ ಇಲಿ ತಿಂದು ಕಾಗೀನೂ ಸತ್ರ ಎಡಿ ಯಾರು ಮುಟ್ಬೇಕು?”

ಎಲ್ಲರೂ ಆಕಾಶ ನೋಡಿದರು. ಒಂದು ಕಾಗೆಯೂ ಇರಲಿಲ್ಲ.

“ಬಿಲದೊಳಗ ಇಟ್ಟು ಬಾಯಿ ಮುಚ್ಚಿಬಿಡ್ತೀವ್ರಿ,” ಎಂದಳು ಗೊಲ್ಲಾಳಮ್ಮ.

“ಇಡಬ್ಯಾಡ ಅನ್ನಂಗಿಲ್ಲವ್ವ. ಮೂರನೇ ದಿನಕ್ಕೂ ಎಡಿ ಅದ, ಹನ್ನೊಂದಕ್ಕೂ ಅದ. ಎರಡೂ ಮುಗೀಲಿ.”

“ಅಷ್ಟೊತ್ತಿಗೆ ಹೊಲದಾಗ ಏನು ಉಳೀತದ್ರಿ?”

ಕಸ್ತೂರಿ ಅವಳ ಕೈ ಹಿಡಿದಳು. “ವೈನಿ, ಎಡಿ ಕಾಗಿ ಮುಟ್ಟಲಿಲ್ಲಂದ್ರ ಮಂದಿ ಅಂದದ್ದೇ ಖರೆ ಆಗ್ತದ. ನಮ್ಮಣ್ಣ ಪಾಷಾಣ ತಗೊಂಡ ಅಂತಾರ.”

ಗೊಲ್ಲಾಳಮ್ಮ ಕೈ ಬಿಡಿಸಿಕೊಂಡು ಬದುವಿನ ಮೇಲೆ ಕೂತಳು.

“ಕಾರ್ಯ ಆದ ಮ್ಯಾಲ ನೋಡೂನಂತ,” ಎಂದ ರೇವಣಸಿದ್ದ, ಕಣ್ಣೀರು ಆಗಲೇ ಆರಿತ್ತು. “ಆಗ ನಾ ಮಗಳ ಊರಿಗೆ ಹೋಗೋದೈತಿ. ಆದ್ರೂ ನೋಡೂನು.” ಇನ್ನೊಬ್ಬನಿಗೆ ಶಹಾಪುರದಲ್ಲಿ ಕೆಲಸ ನೆನಪಾಯಿತು. ಮಂದಿ ಚಪ್ಪಲಿ ಹುಡುಕತೊಡಗಿದರು.

ತಿಮ್ಮಣ್ಣ ತಲೆ ಕೆರೆದುಕೊಂಡ. “ಅಜ್ಜಾರ, ಮತ್ತ ನುಚ್ಚು?”

“ನುಚ್ಚಿಗೇನು ದೋಷ ಇಲ್ಲಪ.”

ಸ್ವಲ್ಪ ಹೊತ್ತಿಗೆ ಊರ ಕಡೆಯಿಂದ ಹಲಗೆ ಕೇಳಿಸಿತು: “ಕೇಳ್ರೆಪೋ ಕೇಳ್ರಿ! ಪಾಷಾಣ ಬಂದ್! ದಾವತ್ತು ಚಾಲೂ!”

ಗೊಲ್ಲಾಳಮ್ಮ ಬದುವಿನ ಮೇಲೆ ಇನ್ನೂ ಒಬ್ಬಳೇ ಕೂತಿದ್ದಳು. ಹೊತ್ತು ಇಳಿಯಿತು. ಬಿಲದ ಬಾಯಲ್ಲಿ ಒಂದು ಮೂತಿ ಕಾಣಿಸಿತು, ಸುತ್ತ ಮೂಸಿತು. ದಪ್ಪ ಹೆಗ್ಗಣದಂಥ ಇಲಿ. ನುಚ್ಚು ಬಾಯಿಗೆ ತುಂಬಿಕೊಂಡು, ಅವಸರವಿಲ್ಲದೆ ಹಸಿ ಮಣ್ಣಿನ ಗುಡ್ಡೆ ಏರಿ, ಬೆನ್ನು ನೆಟ್ಟಗೆ ಮಾಡಿ ಕೂತಿತು. ಎರಡೂ ಕೈಯಲ್ಲಿ ಒಂದು ಕಾಳು ಹಿಡಿದು ತಿನ್ನತೊಡಗಿತು. ಅದರ ಹಣೆಗೆ ಗುಡ್ಡೆಯ ಮೇಲಿನ ವಿಭೂತಿ ಹತ್ತಿತ್ತು.